ಎಡಗಡೆಯ ಮೂರನೆಯ ಪಕ್ಕೆಲುಬು

ಎಮರ್ಜೆನ್ಸಿ ವಾರ್ಡಿನ ಡಾಕ್ಟರು ನನ್ನನ್ನು ಕೇಳಿದ್ದು ಬಹಳ ಸುಲಭದ ಪ್ರಶ್ನೆ.

"ಆಂಟಿ, ನೋವು ಎಲ್ಲಿದೆ ಅಂತ ಒಂದೇ ಒಂದು ಬೆರಳಲ್ಲಿ ತೋರಿಸಿ."

ನಾನು ಬೆರಳಿನ ಬದಲು ಇಡೀ ಅಂಗೈಯನ್ನು ಕತ್ತಿನ ಕೆಳಗೆ, ಸರ ಬೀಳುವ ಜಾಗದಲ್ಲಿ ಇಟ್ಟು "ಇಲ್ಲೆಲ್ಲ" ಎಂದೆ.

ಅದು ಸುಳ್ಳು. ನೋವು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎದೆಮೂಳೆಯಿಂದ ಎಡಕ್ಕೆ ಎರಡು ಬೆರಳು ದೂರದಲ್ಲಿ, ಒಂದು ಹಳೆಯ ನಾಲ್ಕಾಣೆಯಷ್ಟು ಜಾಗ. ಉಸಿರೆಳೆದಾಗಲೆಲ್ಲ ಯಾರೋ ಅಲ್ಲಿ ಹೆಬ್ಬೆರಳಿನಿಂದ ಒತ್ತಿದ ಹಾಗೆ. ಆದರೆ ಕೈ ಅಲ್ಲಿಗೆ ಹೋಗಲೊಲ್ಲದು.

ಅದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದನ್ನು ಹೇಳಿದರೆ ಈಗಿನ ಹೆಣ್ಣುಮಕ್ಕಳು ನಗುತ್ತಾರೆ. ಹಲಸೂರಿನ ಹತ್ತಿರ ನಾವು ಓದಿದ ಕಾನ್ವೆಂಟಿನಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್ ಇನ್‌ಸ್ಪೆಕ್ಷನ್ ನಡೆಯುತ್ತಿತ್ತು. ಡಾಕ್ಟರು ಸ್ಟೆತಾಸ್ಕೋಪನ್ನು ಯೂನಿಫಾರ್ಮಿನ ಮೇಲೆಯೇ ಇಡಬೇಕು. ಪಕ್ಕದಲ್ಲಿ ಒಬ್ಬ ಮದರ್ ಬಿಳಿ ಟವೆಲ್ ಹಿಡಿದು ನಿಂತಿರುತ್ತಿದ್ದರು, ಯಾವುದಕ್ಕೆ ಎಂದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ನಾವು ಕಿಟಕಿಯ ಆಚೆಯ ಗುಲ್‌ಮೊಹರ್ ಮರವನ್ನು ನೋಡುತ್ತಾ ಉಸಿರಾಡಬೇಕು. ನಮಗೆ ಕಲಿಸಿದ್ದು ಇದು: ಲೇಡಿ ಆದವಳು ಯಾವುದರ ಕಡೆಗೂ ಬೆರಳು ತೋರಿಸುವುದಿಲ್ಲ, ತನ್ನ ಮೈಯ ಕಡೆಗಂತೂ ಗಂಡಸಿನ ಎದುರಿಗೆ ಖಂಡಿತ ಇಲ್ಲ. ತಲೆ ನೋವು, ಹಲ್ಲು ನೋವು, ಕಾಲು ನೋವು, ಇಷ್ಟು ಮಾತ್ರ ನಮಗೆ ಬರಬಹುದಾಗಿತ್ತು. ಮಿಕ್ಕಿದ್ದಕ್ಕೆಲ್ಲ "ಐ ಆಮ್ ನಾಟ್ ಫೀಲಿಂಗ್ ವೆಲ್, ಮದರ್" ಎಂಬ ಒಂದೇ ಹೆಸರು. ಎಪ್ಪತ್ತಾರು ವಯಸ್ಸಾಗಿದೆ, ಮದುವೆಯಾಗಿ ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ, ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗಂಡಸರ ನಡುವೆ ಕೂತು ಶಾರ್ಟ್‌ಹ್ಯಾಂಡ್ ಬರೆದಿದ್ದೇನೆ. ಆದರೂ ಆ ಬೆರಳು ಮಾತು ಕೇಳಲಿಲ್ಲ.

ಎರಡನೆಯ ಕಾರಣ ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತಿತ್ತು. ಅದು ನನ್ನ ಅಣ್ಣನ ಮಗಳು. ಅಣ್ಣ ಈಗಿಲ್ಲ. ಅವಳು ಇಂದಿರಾನಗರದಲ್ಲಿ ಇರುತ್ತಾಳೆ, ದೊಡ್ಡನೆಕ್ಕುಂದಿಯ ಒಂದು ಆಫೀಸಿನಲ್ಲಿ ದೊಡ್ಡ ಹುದ್ದೆ. ನಲವತ್ತೆಂಟು ದಾಟಿದರೂ ನಮಗೆ ಮಗುವೇ. ನಮ್ಮನ್ನು ದೊಡ್ಡತ್ತೆ, ಚಿಕ್ಕತ್ತೆ ಎಂದು ಕರೆಯುತ್ತಾಳೆ. ನಾನು ಚಿಕ್ಕತ್ತೆ. ದೊಡ್ಡತ್ತೆ ಎಂದರೆ ನನ್ನ ಅಕ್ಕ, ಎಂಬತ್ತೊಂದು ವರ್ಷ. ನೋವು ಎಲ್ಲಿ ಎಂದು ತೋರಿಸಿದರೆ ಹೇಗೆ ಬಂತು ಎಂದು ಕೇಳುತ್ತಾರೆ. ಹೇಗೆ ಬಂತು ಎಂದು ಹೇಳಿದರೆ ಅಕ್ಕ ನನ್ನ ಕೈತಪ್ಪಿ ಹೋಗುತ್ತಾಳೆ. ಆ ಭಾನುವಾರ ಬೆಳಿಗ್ಗೆ ಆ ಹಸಿರು ಪರದೆಯ ಹಿಂದೆ ಮಲಗಿದ್ದ ನನಗೆ ಹಾರ್ಟಿನ ಭಯಕ್ಕಿಂತ ಇದರ ಭಯವೇ ದೊಡ್ಡದಾಗಿತ್ತು.

ಅಕ್ಕ ಫ್ರೇಜರ್ ಟೌನಿನ ಒಂದು ಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮದುವೆಯಾಗಲಿಲ್ಲ. ನಾನು ಗಂಡನನ್ನು ಕಳೆದುಕೊಂಡ ಮೇಲೆ ಸೂಟ್‌ಕೇಸ್ ಹಿಡಿದು ಹಲಸೂರಿನ ಅವಳ ಬಾಡಿಗೆ ಮನೆಗೆ ಬಂದೆ. ಬಾಗಿಲಲ್ಲೇ ನಿಂತು "ಶೂಸ್ ಹೊರಗೆ" ಎಂದಳು. ಅಷ್ಟೇ ಅವಳ ಸ್ವಾಗತ. ಅಲ್ಲಿಂದ ಈಚೆಗೆ ನಾವಿಬ್ಬರೂ ಬೇರೆಯಾಗಿಲ್ಲ. ಮೂರು ವರ್ಷದ ಹಿಂದೆ ಅವಳಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತವು. ಬಾಯಿಗೆ ಏನೂ ಆಗಲಿಲ್ಲ. ದೇವರು ಬೇಕಾದದ್ದನ್ನು ಉಳಿಸಿದ್ದಾನೆ ಎಂದು ಅವಳೂ, ಬೇಡವಾದದ್ದನ್ನು ಉಳಿಸಿದ್ದಾನೆ ಎಂದು ನಾನೂ ಹೇಳಿಕೊಂಡು ನಗುತ್ತಿದ್ದೆವು.

ವಾರದ ಆರು ದಿನ ಒಬ್ಬ ಅಟೆಂಡೆಂಟ್ ಬರುತ್ತಾಳೆ. ಅಕ್ಕನನ್ನು ಪ್ಲಾಸ್ಟಿಕ್ಕಿನ ಸ್ನಾನದ ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಹಾಕಿ, ನೀರು ಹೊಯ್ಯುತ್ತಾಳೆ. ಭಾನುವಾರ ಅವಳಿಗೆ ರಜ. ಆ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು ಎಂದು ಅಣ್ಣನ ಮಗಳ ಆರ್ಡರ್. ಆದರೆ ಅಕ್ಕನಿಗೆ ಭಾನುವಾರ ಎಂದರೆ ಎಣ್ಣೆಸ್ನಾನ. ಅದೂ ಕುರ್ಚಿಯಲ್ಲಿ ಅಲ್ಲ, ನೆಲದ ಮೇಲೆ, ಮರದ ಮಣೆಯಲ್ಲಿ. ನಾವು ಚಿಕ್ಕವರಿದ್ದಾಗ ಅಮ್ಮನಿಗೆ ಉಬ್ಬಸ. ಬಚ್ಚಲಿನ ಹೊಗೆ ಆಗುತ್ತಿರಲಿಲ್ಲ. ಅದಕ್ಕೇ ಅಣ್ಣನನ್ನೂ ನನ್ನನ್ನೂ ಅದೇ ಮಣೆಯಲ್ಲಿ ಕೂರಿಸಿ ಹರಳೆಣ್ಣೆ ತಟ್ಟುತ್ತಿದ್ದವಳು ಅಕ್ಕ. ಅವಳಿಗಾಗ ಹನ್ನೆರಡು ವರ್ಷ.

"ಆ ಕುರ್ಚಿಯಲ್ಲಿ ಕೂತ್ರೆ ನಾನು ಪೇಷೆಂಟು ಕಣೇ," ಎಂದಳು ಒಂದು ಭಾನುವಾರ. "ವಾರಕ್ಕೊಂದು ದಿನ ನನ್ನ ಮನುಷ್ಯಳ ಹಾಗೆ ಕೂರಿಸು."

ಕೂರಿಸಿದೆ. ಕೂರಿಸುವುದು ಸುಲಭ. ಎಬ್ಬಿಸುವುದೇ ಕಷ್ಟ. ಮೊದಲು ಒಂದು ಸಲ ಇಬ್ಬರೂ ಜಾರಿ ಗೋಡೆಗೆ ಒರಗಿ ಕೂತುಬಿಟ್ಟಿದ್ದೆವು. ಅದು ಹೇಗೋ ಅಣ್ಣನ ಮಗಳಿಗೆ ತಿಳಿದು ದೊಡ್ಡ ಗಲಾಟೆಯಾಯಿತು. ಕೆ.ಆರ್. ಪುರದ ಆಚೆ ಕನ್ಯಾಸ್ತ್ರೀಯರು ನಡೆಸುವ ಒಂದು ಹೋಮ್ ಇದೆ. ಒಳ್ಳೆಯ ಜಾಗ, ನಾನೇ ನೋಡಿ ಬಂದಿದ್ದೇನೆ, ಕ್ರೋಟನ್ಸ್ ಕುಂಡಗಳೆಲ್ಲ ಸಾಲಾಗಿವೆ. ಅವಳು ಅಲ್ಲಿ ದೊಡ್ಡತ್ತೆಯ ಹೆಸರು ಬರೆಸಿ ಬಂದಳು. "ಚಿಕ್ಕತ್ತೆ, ಇನ್ನೊಂದು ಸಲ ಹೀಗಾದ್ರೆ ನಾನು ಯೋಚನೆ ಮಾಡಲ್ಲ. ನೀವು ಎತ್ತಬಾರದು. ಪ್ರಾಮಿಸ್?" ಎಂದಳು. "ಪ್ರಾಮಿಸ್" ಎಂದೆ. ಅಕ್ಕನೂ ಎಂದಳು. ಮುಂದಿನ ಭಾನುವಾರವೇ ಮತ್ತೆ ಎಣ್ಣೆಸ್ನಾನಕ್ಕೆ ಗೀಸರ್ ಹಾಕಿದೆವು. ಏಳು ತಿಂಗಳು ಯಾರಿಗೂ ತಿಳಿಯಲಿಲ್ಲ.

ಎತ್ತುವುದಕ್ಕೆ ನಮ್ಮದೇ ಒಂದು ಪದ್ಧತಿ ಇತ್ತು. ನಾನು ಅವಳ ಎದುರಿಗೆ ಬಗ್ಗಿ, ಅವಳ ಎರಡು ಕಂಕುಳ ಕೆಳಗೆ ಕೈ ತೂರಿಸಿ, ಬೆನ್ನ ಹಿಂದೆ ಬೆರಳು ಹೆಣೆಯಬೇಕು. ಅವಳು ಬಲಗೈಯಿಂದ ನನ್ನ ಕತ್ತು ಹಿಡಿಯಬೇಕು. ಆಮೇಲೆ ಡ್ರಿಲ್ ಟೀಚರ್ ಧ್ವನಿಯಲ್ಲಿ ಆರ್ಡರ್ ಕೊಡುತ್ತಾಳೆ: "ಬೆನ್ನು ನೇರ! ಒನ್. ಟೂ. ಅಪ್!" ಎದೆಗೆ ಎದೆ ಒತ್ತಿಕೊಂಡು ಇಬ್ಬರು ಮುದುಕಿಯರು ಮೇಲೇಳುತ್ತೇವೆ. ಒಂದು ಕ್ಷಣ ಹಾಗೇ ನಿಲ್ಲುತ್ತೇವೆ, ಅವಳ ಕಾಲು ಊರಿಕೊಳ್ಳುವವರೆಗೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಂಡವರಲ್ಲ. ವಾರಕ್ಕೊಂದು ಸಲ ಆ ಒಂದು ಕ್ಷಣ ನಮಗೆ ಸಿಕ್ಕುತ್ತಿತ್ತು. ಇದನ್ನು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಭಾನುವಾರ ಎಣ್ಣೆ ಪೂರ್ತಿ ಹೋಗಿರಲಿಲ್ಲ. ಸೀಗೆಪುಡಿ ಮುಗಿದಿತ್ತು, ಇದ್ದದ್ದರಲ್ಲೇ ಸುಧಾರಿಸಿದ್ದೆ. "ಟೂ" ಎನ್ನುವಾಗಲೇ ಅವಳ ಒಳ್ಳೆಯ ಕಾಲು ಜಾರಿತು. ಅವಳ ಪೂರ್ತಿ ಭಾರ ನನ್ನ ತೋಳಿನ ಮೇಲೆ ಬಂತು. ಬಿಡಲಿಲ್ಲ. ಬಿಟ್ಟರೆ ತಲೆ ನಲ್ಲಿಗೆ ಹೊಡೆಯುತ್ತಿತ್ತು. ಎಳೆದುಕೊಂಡೆ. ಎದೆಯ ಎಡಭಾಗದಲ್ಲಿ ಏನೋ ಸರಕ್ಕೆಂದು ಜಗ್ಗಿತು. ಹೇಗೋ ಅವಳನ್ನು ವೀಲ್‌ಚೇರಿಗೆ ದಾಟಿಸಿ, ಬಟ್ಟೆ ಉಡಿಸಿ, ನನ್ನ ಒದ್ದೆ ಸೀರೆ ಬದಲಿಸಿ, ಕಾಫಿ ಮಾಡಿದೆ. ಅರ್ಧ ಗಂಟೆಯಲ್ಲಿ ನೋವು ಶುರುವಾಯಿತು. ಉಸಿರೆಳೆದರೆ ಚುಚ್ಚು, ಕೆಮ್ಮಿದರೆ ಚುಚ್ಚು. ಲೋಟ ಕೆಳಗಿಟ್ಟು ಕೂತೆ.

ಅಕ್ಕ ನನ್ನ ಮುಖ ನೋಡಿದಳು. "ಏನೇ?"

"ಏನಿಲ್ಲ, ಗ್ಯಾಸು."

"ಗ್ಯಾಸಿಗೆ ಯಾರಾದ್ರೂ ಹಾಗೆ ಬೆವರ್ತಾರಾ? ಅಪ್ಪನಿಗೂ ಹೀಗೇ ಆಗಿತ್ತು." ಬಲಗೈಯಿಂದ ಫೋನ್ ಎತ್ತಿಕೊಂಡು ಅಣ್ಣನ ಮಗಳಿಗೆ ಅವಳೇ ಮಾಡಿದಳು. ತನ್ನನ್ನು ಹೋಮಿಗೆ ಕಳಿಸುವ ಫೋನು ಅದು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮಾಡಿದಳು.

ಮುಂದಿನ ಮನೆಯ ಆಪಾ ಬಂದು ಅಕ್ಕನ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. ಅವರು ನಮ್ಮ ಮನೆಯ ಓನರ್, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇದ್ದ ಕುಟುಂಬ. "ಫಿಕರ್ ನಕ್ಕೋ, ಚಿಂತೆ ಬೇಡ, ನೀವು ಹೋಗಿ ಬನ್ನಿ. ನಾನು ಇವರ ಮುಂದಿನಿಂದ ಕದಲಲ್ಲ," ಎಂದರು. ಅಣ್ಣನ ಮಗಳು ಬಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡು ಹಲಸೂರು ಕೆರೆ ದಾಟಿದಳು. ಸಿಗ್ನಲ್ಲಿನಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ನನ್ನ ಕೈಗಿಂತ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಮೊದಲು ಇಸಿಜಿ. ಅಣ್ಣನ ಮಗಳು ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದಳು. ನಡುವಯಸ್ಸಿನ ನರ್ಸ್ ಒಬ್ಬಳು ಪರದೆ ಎಳೆದು, ನನ್ನ ಎದೆಗೆ ಸಣ್ಣ ಸಣ್ಣ ಸ್ಟಿಕ್ಕರ್ ಹಚ್ಚತೊಡಗಿದಳು. ಒಂದು ಹಚ್ಚಿದರೆ ಇನ್ನೊಂದು ಜಾರುತ್ತದೆ.

"ಏನ್ ಮಾ ಇದು, ನಿಲ್ತಾನೇ ಇಲ್ಲ. ಎಣ್ಣೆ ಹಚ್ಕೊಂಡಿದ್ದೀರಾ?"

"ಹೂಂ. ಭಾನುವಾರ ಅಲ್ಲವಾ, ಎಣ್ಣೆಸ್ನಾನ."

ಸ್ಪಿರಿಟ್ ಹತ್ತಿಯಿಂದ ಒರೆಸಿ ಒರೆಸಿ ಮತ್ತೆ ಹಚ್ಚಿದಳು. ಇಸಿಜಿಯಲ್ಲಿ ತಕ್ಷಣಕ್ಕೆ ಏನೂ ಕಾಣಲಿಲ್ಲ. ಹಾರ್ಟಿಗೆ ಏಟು ಬಿದ್ದಿದ್ದರೆ ರಕ್ತದಲ್ಲಿ ತಿಳಿಯುತ್ತದಂತೆ. ಅದಕ್ಕೆ ಈಗೊಂದು ಸಲ, ಮೂರು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಯಬೇಕು ಎಂದರು. ಆಮೇಲೆ ಆ ಡಾಕ್ಟರು ಬಂದರು. ಮೂವತ್ತು ವರ್ಷ ಇರಬಹುದು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಬೆರಳಿನ ಪ್ರಶ್ನೆ ಕೇಳಿದ್ದು ಆಗ. ನಾನು ಅಂಗೈ ಇಟ್ಟ ಮೇಲೆ ಇನ್ನೊಂದು ಕೇಳಿದರು.

"ಬೆಳಿಗ್ಗೆ ಏನಾದ್ರೂ ಭಾರ ಎತ್ತಿದ್ರಾ? ಎಳೆದ್ರಾ? ಎಲ್ಲಾದ್ರೂ ಬಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣನ ಮಗಳು ಹೇಳಿದಳು: "ಚಿಕ್ಕತ್ತೆ ಏನೂ ಎತ್ತಲ್ಲ ಡಾಕ್ಟರ್. ಸ್ಟ್ರಿಕ್ಟ್ ಆಗಿ ಹೇಳಿದೀನಿ. ಪ್ರಾಮಿಸ್ ಮಾಡಿದಾರೆ."

ಅವಳ ಮುಖದಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ನಾನು ತಲೆಯಾಡಿಸಿದೆ. "ಏನೂ ಇಲ್ಲ."

ಡಾಕ್ಟರು ಬರೆದುಕೊಂಡರು. "ಹಾಗಾದ್ರೆ ಇವತ್ತು ಅಡ್ಮಿಟ್ ಮಾಡ್ಕೋತೀವಿ. ವಯಸ್ಸಿದೆ, ಬಿಪಿ ಇದೆ, ತಂದೆಗೆ ಹಾರ್ಟ್ ಇತ್ತು ಅಂತೀರಿ. ಕಾರ್ಡಿಯಾಲಜಿಯವರು ನೋಡ್ಲಿ. ಬೇಕು ಅಂದ್ರೆ ನಾಳೆ ಆಂಜಿಯೋಗ್ರಾಂ."

ಅಣ್ಣನ ಮಗಳು ಪರದೆಯ ಆಚೆ ಹೋದಳು. ಆಸ್ಪತ್ರೆಯ ಪರದೆಗಳು ನೋಟಕ್ಕೆ ಮಾತ್ರ. ಅವಳ ಫೋನಿನ ಮಾತೆಲ್ಲ ಕೇಳಿಸಿತು. "ಹೌದು ಸಿಸ್ಟರ್... ಆ ಬೆಡ್ಡು ನಮಗೇ ಇರ್ಲಿ. ನಾಳೆ ಬೆಳಿಗ್ಗೆ ಹತ್ತಕ್ಕೆ ದೊಡ್ಡತ್ತೇನ ಕರ್ಕೊಂಡ್ ಬರ್ತೀನಿ... ಇಲ್ಲ, ಇನ್ನೊಬ್ಬರಿಗೂ ಹುಷಾರಿಲ್ಲ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ."

ನಾಳೆ ಬೆಳಿಗ್ಗೆ ಹತ್ತಕ್ಕೆ. ನಾನು ಇಲ್ಲಿ ಯಾವುದೋ ಟೇಬಲ್ಲಿನ ಮೇಲೆ ಮಲಗಿರುವಾಗ ಅಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಬೆನ್ನು ನೇರ ಮಾಡಿಕೊಂಡು ಕೂತು ಹೋಗುತ್ತಾಳೆ. ಅಳುವುದಿಲ್ಲ. ಕನ್ನಡಕದ ಡಬ್ಬಿ ಎಲ್ಲಿ ಎಂದು ಮಾತ್ರ ಕೇಳುತ್ತಾಳೆ. ಅದು ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಬಿಟ್ಟು.

ಅಷ್ಟರಲ್ಲಿ ನರ್ಸ್ ಇನ್ನೊಂದು ಇಸಿಜಿಗೆ ಬಂದಳು. ಪರದೆ ಸರಿಮಾಡಿ, ನನ್ನ ಜಡೆಯನ್ನು ಬದಿಗೆ ಸರಿಸಿ, ಒಂದು ಕ್ಷಣ ನಿಂತಳು.

"ಅಮ್ಮಾ, ತಲೆ ಒಣಗಿದೆ. ಬೆನ್ನಲ್ಲೂ ಒಂದು ತೊಟ್ಟು ಎಣ್ಣೆ ಇಲ್ಲ. ಎದೆ ಮೇಲೆ ಮಾತ್ರ ಇಷ್ಟು." ಧ್ವನಿ ತಗ್ಗಿಸಿದಳು. "ಯಾರನ್ನ ಮಾ ತಬ್ಕೊಂಡ್ರಿ, ಬೆಳಿಗ್ಗೆ ಬೆಳಿಗ್ಗೆ?"

ನನಗೆ ನಗು ಬಂದುಬಿಟ್ಟಿತು. ನಕ್ಕ ತಕ್ಷಣ ಎದೆಯಲ್ಲಿ ಚುಚ್ಚಿತು. "ಅಮ್ಮಾ" ಎನ್ನುತ್ತಾ ನನ್ನ ತೋರುಬೆರಳು ನೇರವಾಗಿ ಆ ನಾಲ್ಕಾಣೆ ಜಾಗದ ಮೇಲೆ ಹೋಗಿ ಕೂತಿತು. ಅವಳು ಬೆರಳನ್ನೇ ನೋಡಿದಳು. ನಾನೂ ನೋಡಿದೆ.

"ಅಲ್ಲಿ ತಾನೆ ನೋವು? ಮತ್ತೆ ಡಾಕ್ಟರ್‌ಗೆ ಎಲ್ಲಾ ಕಡೆ ಅಂದ್ರಿ?"

ಹೇಳಿದೆ. ಅಕ್ಕನನ್ನು, ಮಣೆಯನ್ನು, ಜಾರಿದ ಕಾಲನ್ನು, ಎಲ್ಲವನ್ನೂ. ಯಾರಿಗೂ ಹೇಳದ ಏಳು ತಿಂಗಳನ್ನು ಒಬ್ಬ ಅಪರಿಚಿತಳಿಗೆ ಐದು ನಿಮಿಷದಲ್ಲಿ ಒಪ್ಪಿಸಿಬಿಟ್ಟೆ. ಅವಳು ಸ್ಟಿಕ್ಕರ್ ಹಚ್ಚುತ್ತಲೇ ಕೇಳಿದಳು.

"ನಮ್ಮಮ್ಮನ್ನ ನಾನೂ ಹಂಗೇ ಎತ್ತೋದು. ಸೊಂಟ ಹೋಗಿದೆ," ಎಂದಳು. "ಡಾಕ್ಟರ್‌ಗೆ ಹೇಳಿ ಮಾ. ಹೇಳ್ದೆ ಇದ್ರೆ ಅವರು ಹಾರ್ಟಲ್ಲೇ ಹುಡುಕ್ತಾ ಇರ್ತಾರೆ."

"ಹೇಳಿದ್ರೆ ಆ ಹುಡುಗಿಗೆ ತಿಳಿಯುತ್ತೆ. ಅಕ್ಕನ್ನ ಕಳಿಸಿಬಿಡ್ತಾಳೆ."

"ಹೇಳ್ದೆ ಇದ್ರೂ ನಾಳೆ ಹತ್ತಕ್ಕೆ ಕಳಿಸ್ತಾರಲ್ಲ. ಆ ಫೋನ್ ಮಾತು ನನಗೂ ಕೇಳಿಸ್ತು."

ಅದು ನಿಜವೇ. ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಎರಡು ದಾರಿಯಲ್ಲೂ ಅಕ್ಕ ಹೋಗುತ್ತಾಳೆ ಎಂದಾದರೆ, ಒಂದು ಸುಳ್ಳಿನ ಹಿಂದೆ ಮಲಗಿ ಅವಳನ್ನು ಕಳಿಸುವುದು ಬೇಡ. ಹೋಗುವುದೇ ಆದರೆ ನಾನು ಬಾಗಿಲಲ್ಲಿ ನಿಂತಿರಬೇಕು, ಕನ್ನಡಕದ ಡಬ್ಬಿ ಹುಡುಕಿಕೊಡಬೇಕು. ಅಷ್ಟೇ ನಾನು ಯೋಚಿಸಿದ್ದು. ದೊಡ್ಡ ಧೈರ್ಯ ಎಂದು ಯಾರೂ ತಿಳಿಯಬಾರದು.

"ಡಾಕ್ಟರನ್ನ ಕರೀರಿ," ಎಂದೆ. "ಅವಳನ್ನೂ ಕರೀರಿ."

ಇಬ್ಬರೂ ಬಂದರು. ನಾನು ಸೀಲಿಂಗಿನ ಟ್ಯೂಬ್‌ಲೈಟ್ ನೋಡುತ್ತಾ ಹೇಳಿದೆ: "ಬೆಳಿಗ್ಗೆ ನಾನು ನಮ್ಮ ಅಕ್ಕನ್ನ ಎತ್ತಿದೆ ಡಾಕ್ಟರ್. ಕೂತಿದ್ದವಳನ್ನ, ನೆಲದಿಂದ. ಜಾರಿದಳು, ಎಳ್ಕೊಂಡೆ. ಆಗ ಏನೋ ಜಗ್ಗಿತು. ನೋವು ಇಲ್ಲಿ." ಬೆರಳು ಇಟ್ಟೆ. ಕಿವಿ ಬಿಸಿಯಾಯಿತು, ಆದರೆ ಇಟ್ಟೆ.

ಮುಟ್ಟಿ ನೋಡಲು ಡಾಕ್ಟರು ನನ್ನ ಅನುಮತಿ ಕೇಳಿದರು. ನರ್ಸ್ ಕಾಲರ್ ಎಲುಬಿನಿಂದ ಕೆಳಗೆ ಬೆರಳಿಟ್ಟು ಲೆಕ್ಕ ಹಾಕಿದಳು, ಒಂದು, ಎರಡು, ಮೂರು. ಎಡಗಡೆಯ ಮೂರನೆಯ ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಡಾಕ್ಟರು ಮೆಲ್ಲಗೆ ಒತ್ತಿದರು. ನಾನು ಮಂಚದಿಂದ ಅರ್ಧ ಎದ್ದುಬಿಟ್ಟೆ.

"ಒತ್ತಿದಾಗ ಬಂದದ್ದು ಬೇರೆ ನೋವಾ ಆಂಟಿ, ಅಥವಾ ಬೆಳಿಗ್ಗೆಯಿಂದ ಬರ್ತಾ ಇರೋದೇನಾ?"

"ಅದೇ. ಥೇಟ್ ಅದೇ."

ಎಡಗೈಯನ್ನು ಎದೆಯ ಮೇಲಿಂದ ಬಲಭುಜಕ್ಕೆ ಎಳೆಸಿದರು. ಅದೇ ನೋವು. ಕತ್ತು ತಿರುಗಿಸಿ ಉಸಿರೆಳೆಸಿದರು. ಅದೇ. ಅವರ ಮುಖ ಸ್ವಲ್ಪ ಸಡಿಲವಾಯಿತು.

"ಪಕ್ಕೆಲುಬು ಎದೆಮೂಳೆಗೆ ಸೇರೋ ಕಡೆ ರಬ್ಬರಿನ ಥರ ಒಂದು ಮೆತ್ತನೆ ಭಾಗ ಇರುತ್ತೆ. ಅದು, ಅದರ ಸುತ್ತ ಇರೋ ಮಾಂಸ ಜಗ್ಗಿದೆ ಅನ್ಸುತ್ತೆ. ಎದೆನೋವು ಅಂತ ಓಡಿ ಬರೋರಲ್ಲಿ ಎಷ್ಟೋ ಜನಕ್ಕೆ ಇದೇ. ಆದ್ರೆ ಒತ್ತಿದ್ರೆ ನೋಯುತ್ತೆ ಅಂದ ಮಾತ್ರಕ್ಕೆ ಹಾರ್ಟ್ ಅಲ್ಲ ಅಂತ ನಾನು ಮನೆಗೆ ಕಳಿಸೋಕಾಗಲ್ಲ. ಎರಡೂ ಒಟ್ಟಿಗೆ ಇರಬಹುದು. ಎರಡನೇ ಬ್ಲಡ್ ಟೆಸ್ಟ್ ಬರ್ಲಿ, ನೋಡೋಣ." ಹೊರಡುವಾಗ ತಿರುಗಿ, "ಇದನ್ನ ಮೊದಲೇ ಹೇಳಿದ್ರೆ ನನಗೆ ಎಷ್ಟು ಸುಲಭ ಆಗ್ತಿತ್ತು ಆಂಟಿ," ಎಂದರು. ಬೈಗುಳದ ಹಾಗಿರಲಿಲ್ಲ, ಆಯಾಸದ ಹಾಗಿತ್ತು.

ಆಮೇಲೆ ಕಾಯುವುದು. ಅಣ್ಣನ ಮಗಳು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ತನ್ನ ಉಂಗುರ ತಿರುಗಿಸುತ್ತಿದ್ದಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ನೀನು ಪ್ರಾಮಿಸ್ ತಗೊಂಡ ಮುಂದಿನ ವಾರದಿಂದ."

"ಅಂದ್ರೆ ಪ್ರತಿ ಭಾನುವಾರ ನಾನು ಫೋನ್ ಮಾಡಿ ಮೈ ಒರೆಸಿದ್ರಾ ಅಂತ ಕೇಳಿದಾಗ?"

"ಒರೆಸಿದೆ ಅಂದೆ. ಸ್ನಾನ ಆದಮೇಲೆ ಒರೆಸ್ತೀವಲ್ಲ."

"ಚಿಕ್ಕತ್ತೆ!" ಪಕ್ಕದ ಬೆಡ್ಡಿನವರು ತಿರುಗಿ ನೋಡುವ ಹಾಗೆ ಕೂಗಿದಳು. ಕಣ್ಣಲ್ಲಿ ನೀರು. "ನೀವಿಬ್ರೂ ಸೇರಿ ನನ್ನ ಫೂಲ್ ಮಾಡಿದ್ರಿ. ಬೆಳಿಗ್ಗೆ ಫೋನ್ ಬಂದಾಗ ನನಗೆ ಏನಾಯ್ತು ಗೊತ್ತಾ? ಇಬ್ರೂ ಒಂದೇ ದಿನ ಹೋಗ್ಬಿಡ್ತೀರಿ ಅನ್ಕೊಂಡೆ. ನನ್ನ ಕಡೆ ಅಂತ ಇರೋದು ನೀವಿಬ್ರೇ."

ಅದನ್ನು ನಾನು ಯೋಚಿಸಿರಲಿಲ್ಲ. ನಾವು ಅವಳನ್ನು ಯಾವಾಗಲೂ ಇನ್‌ಸ್ಪೆಕ್ಷನ್ನಿಗೆ ಬರುವ ಅಧಿಕಾರಿಯ ಹಾಗೆ ನೋಡಿದ್ದೆವು. ಅವಳಿಗೂ ಹೆದರಿಕೆ ಇರಬಹುದೆಂದು ಹೊಳೆದಿರಲಿಲ್ಲ. ಕ್ಷಮೆ ಕೇಳಿದೆ. ಆಮೇಲೆ ಕಾರಣ ಹೇಳಿದೆ. ಕುರ್ಚಿಯಲ್ಲಿ ಕೂತರೆ ಪೇಷೆಂಟು, ಮಣೆಯಲ್ಲಿ ಕೂತರೆ ಮನುಷ್ಯಳು ಎಂದು ಅಕ್ಕ ಹೇಳಿದ್ದನ್ನು ಹೇಳಿದೆ.

ಅವಳು ಮೂಗು ಒರೆಸಿಕೊಂಡಳು. "ಬೇಸಿಗೆ ರಜಕ್ಕೆ ಬಂದ್ರೆ ದೊಡ್ಡತ್ತೆ ನನಗೂ ಅದೇ ಮಣೆಯಲ್ಲೇ ನೀರು ಹಾಕ್ತಿದ್ರು. ಕಣ್ಣಿಗೆ ಸೀಗೆಪುಡಿ ಹೋದ್ರೆ ಅಳೋ ಹಾಗೂ ಇರ್ಲಿಲ್ಲ. ಇಪ್ಪತ್ತರವರೆಗೆ ಎಣಿಸು, ಆಮೇಲೆ ಅಳು ಅಂತಿದ್ರು."

"ಇಪ್ಪತ್ತರ ಹೊತ್ತಿಗೆ ಉರಿ ಹೋಗಿರ್ತಿತ್ತು."

"ಹೋಗಿರ್ತಿತ್ತು," ಎಂದು ಒಪ್ಪಿಕೊಂಡಳು. ಸ್ವಲ್ಪ ನಕ್ಕಳೂ ಕೂಡ. ಆದರೆ ಹೋಮಿನ ಬೆಡ್ಡಿನ ವಿಷಯ ಅವಳೂ ಎತ್ತಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ಎರಡನೆಯ ರಕ್ತ ಪರೀಕ್ಷೆಯೂ ಚೆನ್ನಾಗಿ ಬಂತು, ಇಸಿಜಿಯೂ ಬದಲಾಗಿರಲಿಲ್ಲ. ಹಿರಿಯ ಡಾಕ್ಟರೊಬ್ಬರು ಬಂದು ಮತ್ತೊಮ್ಮೆ ಒತ್ತಿ, ಮತ್ತೊಮ್ಮೆ ನನ್ನ ಕೂಗು ಕೇಳಿ, ಮನೆಗೆ ಹೋಗಬಹುದು ಎಂದರು. ಊಟದ ಮೇಲೆ ನೋವಿನ ಮಾತ್ರೆ, ಬಿಸಿನೀರಿನ ಶಾಖ. ನಡೆಯುವಾಗ ಎದೆ ಹಿಂಡಿದರೆ, ತೋಳಿಗೋ ದವಡೆಗೋ ಹರಡಿದರೆ, ಬೆವರಿ ಉಸಿರು ಕಟ್ಟಿದರೆ, ಇದು ಮೂಳೆ ಅಂತ ಮನೆಯಲ್ಲಿ ಕೂರದೆ ತಕ್ಷಣ ಬರಬೇಕು.

"ಮತ್ತೆ ಆರು ವಾರ ಏನೂ ಎತ್ತಬಾರದು," ಎಂದರು ನಮ್ಮ ಕಿರಿಯ ಡಾಕ್ಟರು, ನನಗಲ್ಲ, ಅಣ್ಣನ ಮಗಳಿಗೆ. "ಆಮೇಲೂ ಒಬ್ಬರೇ ಎತ್ತೋದು ಬೇಡ. ಇಬ್ಬರು ಬೇಕು, ಕುರ್ಚಿ ಬೇಕು, ಗೋಡೆಗೆ ಹಿಡಿ ಬೇಕು. ಇಷ್ಟಿದ್ರೆ ಎಷ್ಟೋ ಮನೆಗಳಲ್ಲಿ ನಡೀತಾ ಇದೆ."

ಅವಳು ಆ ಮಾತನ್ನು ಮನಸ್ಸಿನಲ್ಲಿ ತೂಗಿ ನೋಡುತ್ತಿದ್ದುದು ನನಗೆ ಕಾಣಿಸಿತು. ಮನೆಗೆ ಹೊರಟಾಗ ನೂರಡಿ ರಸ್ತೆಯಲ್ಲಿ ಭಾನುವಾರದ ಜನ. ರೆಸ್ಟೋರೆಂಟುಗಳ ಮುಂದೆ ಹುಡುಗ ಹುಡುಗಿಯರು ಟೇಬಲ್ಲಿಗೆ ಕಾಯುತ್ತಾ ನಿಂತಿದ್ದರು. ಮೆಟ್ರೋ ಕಂಬದ ಹತ್ತಿರ ಕಾರು ನಿಲ್ಲಿಸಿ ಅವಳು ಫೋನ್ ತೆಗೆದಳು. "ಸಿಸ್ಟರ್, ಸಾರಿ. ನಾಳೆ ಬರಲ್ಲ. ಆ ಬೆಡ್ಡು ಬೇರೆಯವರಿಗೆ ಕೊಡಿ." ಇಟ್ಟು, ನನ್ನ ಕಡೆ ನೋಡದೆ ಹೇಳಿದಳು: "ಭಾನುವಾರಕ್ಕೂ ಒಬ್ಬರನ್ನ ಹುಡುಕ್ತೀನಿ. ಸ್ನಾನ ಕುರ್ಚಿಯಲ್ಲೇ. ಮಣೆ ನನ್ನ ಕಾರಿನ ಡಿಕ್ಕಿಗೆ. ದೊಡ್ಡತ್ತೆಗೆ ಇದನ್ನ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಮನೆಯಲ್ಲಿ ಆಪಾ ಹೇಳಿದ ಹಾಗೆ ಕದಲದೆ ಕೂತಿದ್ದರು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು.

"ಹಾರ್ಟಾ?"

"ಹಾರ್ಟ್ ಅಲ್ಲ ಅಕ್ಕಾ. ನೀನು."

ಅವಳಿಗೆ ಅರ್ಥವಾಯಿತು. ಅಣ್ಣನ ಮಗಳ ಕಡೆ ತಿರುಗಿ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯರು ಅವಳೆದುರು ನಿಲ್ಲುತ್ತಿದ್ದ ಹಾಗೆ ಗದ್ದ ಎತ್ತಿದಳು. "ಅವಳದ್ದೇನೂ ತಪ್ಪಿಲ್ಲ. ಆರ್ಡರ್ ನಂದು. ಏನು ಪನಿಶ್ಮೆಂಟ್?"

ಹೇಳಿದೆ. ಹೋಮಿಗೆ ಹೋಗಬೇಕಿಲ್ಲ ಎಂದಾಗ ಕಣ್ಣು ಮುಚ್ಚಿ ತೆರೆದಳು. ಮಣೆ ಹೋಗುತ್ತದೆ ಎಂದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಕಾಫಿಗೆ ಸಕ್ಕರೆ ಕಡಿಮೆ ಎಂದು ಬೈದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ ಎರಡು ಚಮಚ ಹಾಕಿಬಿಟ್ಟೆ.

ಭಾನುವಾರ ಹೊಸ ಹೆಂಗಸು ಬಂದಳು, ಕೆ.ಆರ್. ಪುರದ ಕಡೆಯವಳು, ಗಟ್ಟಿ ಆಳು. ಅವಳೂ ಅಕ್ಕನೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಕೂತೆ. ಅಷ್ಟು ಭಾನುವಾರ ಬಚ್ಚಲಿನ ಒಳಗಿದ್ದವಳಿಗೆ ಹೊರಗಿನಿಂದ ಆ ನೀರಿನ ಸದ್ದು ಕೇಳಿ ಅಭ್ಯಾಸವಿರಲಿಲ್ಲ. ನನ್ನ ಎರಡು ಕೈಗೂ ಕೆಲಸವಿಲ್ಲ. ಪೇಪರ್ ಬಿಡಿಸಿದೆ, ಓದಲಾಗಲಿಲ್ಲ.

ಒಳಗಿನಿಂದ ಅಕ್ಕನ ಧ್ವನಿ ಬಂತು. "ಏ, ಅಲ್ಲಿದ್ದೀಯಾ?"

"ಇದ್ದೀನಿ."

"ಬಾಗಿಲು ಸ್ವಲ್ಪ ತೆಗಿ. ಚಳಿ ಬಂದ್ರೆ ಬರ್ಲಿ. ಇವಳು ಮಾತೇ ಆಡಲ್ಲ ಕಣೇ, ನೀರು ಹಾಕ್ತಾಳೆ ಅಷ್ಟೇ. ಪೇಪರ್ ಇದೆಯಾ ಕೈಯಲ್ಲಿ?"

"ಇದೆ."

"ಓದು. ಗಟ್ಟಿಯಾಗಿ."

ಬಾಗಿಲನ್ನು ಒಂದು ಗೇಣು ತೆಗೆದೆ. ಮೊದಲ ಪುಟದಿಂದ ಶುರುಮಾಡಿದೆ. ರಾಜಕೀಯ ಬೇಡ ಎಂದಳು. ಕಡೆಯ ಪುಟಕ್ಕೆ ಹೋದೆ. ಕ್ರಿಕೆಟ್ಟು ಬೇಡ, ಹಾಕಿ ಇದ್ದರೆ ಓದು ಎಂದಳು. ಹಾಕಿ ಇತ್ತು, ಮೂಲೆಯಲ್ಲಿ ನಾಲ್ಕು ಸಾಲು. ಓದಿದೆ. ಆ ಹೆಂಗಸು "ನಮ್ ಮಗಳೂ ಆಡ್ತಾಳೆ ಅಮ್ಮಾ" ಎಂದಳು, ಅಕ್ಕ "ಯಾವ ಪೊಸಿಷನ್ನು?" ಎಂದು ಕೇಳಿದಳು, ಆಮೇಲೆ ಇಬ್ಬರ ಮಾತು ನಿಲ್ಲಲೇ ಇಲ್ಲ.

ಆರು ವಾರ ಮುಗಿದು ಬಹಳ ದಿನವಾಯಿತು. ಆ ನೋವು ಒಂದು ತಿಂಗಳಿಗೆ ಹೋಯಿತು. ಚಳಿ ಇದ್ದ ಬೆಳಿಗ್ಗೆ ಒಮ್ಮೊಮ್ಮೆ ಬೆರಳಿಟ್ಟು ಒತ್ತಿ ನೋಡುತ್ತೇನೆ, ಏನೂ ಇಲ್ಲ. ಭಾನುವಾರ ಬೆಳಿಗ್ಗೆ ನಾನು ಬಚ್ಚಲಿನ ಹೊರಗೇ ಕೂರುತ್ತೇನೆ. ಅಕ್ಕ ಹೊರಗೆ ಬಂದಾಗ ಬಲಗೈ ಚಾಚುತ್ತಾಳೆ. ಎತ್ತುವುದಕ್ಕಲ್ಲ. ಅವಳ ಕೂದಲು ಒಣಗುವವರೆಗೆ ಹಾಗೇ ಹಿಡಿದುಕೊಂಡು ಬಿಸಿಲಿನಲ್ಲಿ ಕೂತಿರುತ್ತೇವೆ.